ದಬ್ಬಣ ಹಿಡಿದ ಕೈ

ಮೇ 12

ಗುಬ್ಬಿಗೆ ಅಣ್ಣನ ಆಶೀರ್ವಾದಗಳು.

ನಾನು ಕಲಿತ ಶಾಲೆಗೆ ಓದುವ ಕೋಣೆಯೊಂದನ್ನು ಕಟ್ಟಿಸಿಕೊಡುತ್ತಿರುವುದು ನಿನಗೆ ಗೊತ್ತೇ ಇದೆ. ಗಾರೆ ಕೆಲಸ ಮುಗಿಯಿತು, ಬಣ್ಣವೊಂದು ಬಾಕಿ ಎಂದು ಹೆಡ್‌ಮಿಸ್ ಬರೆದಿದ್ದಾರೆ. ಸೆಪ್ಟೆಂಬರ್ ಎರಡನೇ ಶನಿವಾರ ಉದ್ಘಾಟನೆ. ಕೋಣೆಗೆ ಅಜ್ಜಿಯ ಹೆಸರಿಡಬೇಕೆಂದು ನಿರ್ಧರಿಸಿದ್ದೇನೆ. ತಾಯಿಯಿಲ್ಲದ ನಮ್ಮಿಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಅವಳು ಹೋಗಿ ಹತ್ತೊಂಬತ್ತು ವರ್ಷವಾದರೂ ಅವಳ ಹೆಸರಲ್ಲಿ ನಾವು ಏನೂ ಮಾಡಿಲ್ಲ.

ಅವಳದಿರುವುದು ಒಂದೇ ಫೋಟೋ, ಅದೂ ನಿನ್ನ ಹತ್ತಿರ. ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಇಲ್ಲಿ ಒಳ್ಳೆಯ ಸ್ಟುಡಿಯೋ ಇದೆ; ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸುತ್ತೇನೆ. ಅವಳ ಬಗ್ಗೆ ನಿನಗೆ ನೆನಪಿರುವ ನಾಲ್ಕು ಒಳ್ಳೆಯ ಮಾತುಗಳನ್ನೂ ಬರೆದು ಕಳಿಸು. ತಿದ್ದಿ, ಗೋಡೆಯ ಕಲ್ಲಿನಲ್ಲಿ ಕೆತ್ತಿಸೋಣ. ಒಳ್ಳೆಯ ಮಾತು ಎಂದೆ. ಅವಳ ಬೈಗುಳಗಳನ್ನು ಕಳಿಸಬೇಡ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ.

ನಿನ್ನ ಅಣ್ಣ


ಮೇ 21

ಅಣ್ಣನಿಗೆ ನಮಸ್ಕಾರ.

ದೇವರ ದಯೆಯಿಂದ ಚೆನ್ನಾಗಿದ್ದೇನೆ, ಮಂಡಿನೋವು ಒಂದು ಬಿಟ್ಟರೆ. ಅದಕ್ಕೆ ದೇವರನ್ನು ದೂರಲ್ಲ. ನೆಲದ ಮೇಲೆ ಕೂತು ಮೂವತ್ತು ವರ್ಷ ಹಾಸಿಗೆ ಹೊಲಿದರೆ ಮಂಡಿ ಇನ್ನೇನು ಹಾಡು ಹೇಳುತ್ತಾ?

ಫೋನ್ ಎತ್ತಿದರೆ ನೀನೊಬ್ಬನೇ ಮಾತಾಡ್ತೀಯ, ನಾನು ಹೂಂಗುಡಬೇಕು. ಕಾಗದದಲ್ಲಾದರೆ ನಾನು ಮುಗಿಸುವವರೆಗೂ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಿನಗೆ ಕಷ್ಟ, ನನಗೆ ಸುಖ.

ಕೋಣೆಯ ವಿಷಯ ಓದಿ ಕಣ್ಣು ತುಂಬಿ ಬಂತು. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ದೇವರಿಗೂ ಹೇಳಿದೆ, ನಮ್ಮಣ್ಣ ಒರಟ ಅಂದುಕೊಂಡಿದ್ದೆ, ಪರವಾಗಿಲ್ಲ ಅಂತ. ಫೋಟೋ ಇದರ ಜೊತೆಗಿದೆ. ಮಡಿಸಬೇಡ, ಎಣ್ಣೆ ಕೈಯಲ್ಲಿ ಮುಟ್ಟಬೇಡ. ನಮ್ಮ ಮೂಲೆ ಅಂಗಡಿ ಫೋಟೋದವನ ಮನೆ ಹಾಸಿಗೆ ಹೊಲೀತಾ ಕೂತಿದ್ದಾಗ ಅವನು ಹೇಳದೆ ಕೇಳದೆ ತೆಗೆದದ್ದು. ಅದಕ್ಕೇ ಮುಖ ಹಾಗಿದೆ, ಅರ್ಧ ಬೈಗುಳ ಅರ್ಧ ನಗು. ಕೈಯಲ್ಲಿ ದಬ್ಬಣ, ತಲೆ ತುಂಬ ಹತ್ತಿ. ಎಷ್ಟು ಸಲ ನೋಡಿದರೂ ಈಗ ಏನೋ ಅಂದುಬಿಡ್ತಾಳೆ ಅನ್ನಿಸುತ್ತೆ.

ಒಳ್ಳೆಯ ಮಾತು ಕೇಳಿದ್ದೀಯ. ನಾನು ನೆನಪಿದ್ದದ್ದು ಬರೀತೀನಿ, ಒಳ್ಳೆಯದು ಯಾವುದು ಅಂತ ನೀನೇ ಆರಿಸಿಕೋ.

ಯಾರ ಮನೆಗೆ ಹೋದರೂ ಅವಳದ್ದು ಒಂದು ಕಟ್ಟುನಿಟ್ಟು. ಹಳೇ ಹಾಸಿಗೆಯ ಹೊಲಿಗೆ ಬಿಚ್ಚಿದ ಹೊತ್ತಿನಿಂದ ಕೊನೇ ಗಂಟು ಹಾಕುವವರೆಗೆ ಮನೆಯವರು ಯಾರಾದರೂ ಒಬ್ಬರು ಎದುರಿಗೆ ಕೂತಿರಬೇಕು. ಜನ ಹಾಸಿಗೆಯೊಳಗೆ ಏನೇನೋ ಬಚ್ಚಿಡುತ್ತಾರೆ, ಇಟ್ಟದ್ದನ್ನ ಮರೀತಾರೆ, ಆಮೇಲೆ ಹೊಲಿಯೋಳ ಮೇಲೆ ಹಾಕ್ತಾರೆ. “ನನ್ನ ಕೈ ಶುದ್ಧ ಅಂತ ದೇವರಿಗೆ ಗೊತ್ತು. ನಿಮಗೆ ಗೊತ್ತಾಗಬೇಕಾದ್ರೆ ಇಲ್ಲಿ ಕೂತ್ಕೊಳ್ಳಿ” ಅನ್ನೋಳು. ಕೂರೋಕೆ ಪುರಸೊತ್ತಿಲ್ಲ ಅಂದರೆ ದಬ್ಬಣ ಗಂಟಿಗೆ ಹಾಕಿಕೊಂಡು ಎದ್ದು ಬರೋಳು. ಒಂದು ಮನೆಯಲ್ಲಿ ಹತ್ತಿಯೊಳಗಿಂದ ಹಲ್ಲಿನ ಸೆಟ್ಟು ಬಂತಂತೆ. ಅದನ್ನು ಯಜಮಾನನ ಅಂಗೈ ಮೇಲಿಟ್ಟು, “ಯಾರ ಬಾಯಿಂದ ಬಿತ್ತು ಅಂತ ನಾನು ಕೇಳಲ್ಲ, ನೀವು ಹೇಳಬೇಡಿ” ಅಂದಳಂತೆ. ಯಜಮಾನನ ಬಾಯಲ್ಲಿ ಅವನ ಹಲ್ಲು ಗಟ್ಟಿಯಾಗಿಯೇ ಇದ್ದವಂತೆ!

ದಾರ ಪೋಣಿಸುವಾಗ ಅವಳು ದಿನಾ ಹೇಳ್ತಿದ್ದ ಪ್ರಾರ್ಥನೆ ನಿನಗೆ ನೆನಪಿದೆಯಾ? “ದೇವರೇ, ಇದರ ಮೇಲೆ ಮಲಗೋರಿಗೆ ನಿದ್ದೆ ಕೊಡು, ನನಗೆ ಕಣ್ಣು ಕೊಡು.” ಇದಕ್ಕಿಂತ ದೊಡ್ಡ ಪ್ರಾರ್ಥನೆ ನಾನು ಯಾವ ದೊಡ್ಡವರ ಬಾಯಲ್ಲೂ ಕೇಳಿಲ್ಲ. ಕಲ್ಲಿನ ಮೇಲೆ ಇದನ್ನೇ ಬರೆಸು.

ನಿನ್ನ ತಂಗಿ


ಜುಲೈ 3

ಗುಬ್ಬಿಗೆ,

ನಿನ್ನ ಕಾಗದ ಓದಿ ನಕ್ಕೆ. ಆದರೆ ಶಾಲೆಯ ಗೋಡೆಗೆ ಹಲ್ಲಿನ ಸೆಟ್ಟಿನ ಕತೆ ಹೊಂದುವುದಿಲ್ಲ.

ಚೌಕಟ್ಟು ಹಾಕಿಸಿದ ಚಿತ್ರ ಪಾರ್ಸಲ್‌ನಲ್ಲಿ ಬರುತ್ತಿದೆ. ಓದುವ ಕೋಣೆಗೆ ತಕ್ಕಂತೆ ಸ್ಟುಡಿಯೋದವರು ಸ್ವಲ್ಪ ತಿದ್ದಿದ್ದಾರೆ. ಕಲ್ಲಿಗೆ ಹೀಗೆ ಬರೆದಿದ್ದೇನೆ: “ಮಿತಭಾಷಿಣಿ, ಪ್ರೇಮಮಯಿ, ಸದ್ಗ್ರಂಥಗಳ ಸಹವಾಸದಲ್ಲಿ ಬಾಳಿದ ಆದರ್ಶ ಗೃಹಿಣಿ.” ನೀನೇ ಹೋಗಿ ಹೆಡ್‌ಮಿಸ್‌ಗೆ ಎರಡನ್ನೂ ಕೊಟ್ಟು ಬಾ.

ಅಣ್ಣ


ಜುಲೈ 10

ಅಣ್ಣ,

ಪಾರ್ಸಲ್ ಬಿಚ್ಚಿದೆ. ಇವಳು ಯಾರು?

ಪಕ್ಕದ ಮನೆ ಅತ್ತೆ ಅಲ್ಲೇ ಕೂತಿದ್ದರು. ಅಜ್ಜಿಯ ಜೊತೆ ನಲವತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಜಗಳ ಆಡಿದವರು. ಕನ್ನಡಕ ಏರಿಸಿ ನೋಡಿ, “ಯಾರೇ ಇದು, ನಿಮ್ಮ ಹೆಡ್‌ಮಿಸ್ಸಿನ ತಾಯಿಯಾ?” ಅಂದರು. ನಮ್ಮಜ್ಜಿ ಅಂದೆ. “ಸುಮ್ನಿರೇ, ನಿಮ್ಮಜ್ಜಿ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರ್ತಿದ್ಲಾ?” ಅಂತ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ದಬ್ಬಣ ಅಳಿಸಿ ಕೈಗೆ ಪುಸ್ತಕ ಕೊಟ್ಟಿದ್ದೀಯ. ಅಕ್ಷರ ಬಾರದ ಹೆಂಗಸಿಗೆ! ಸರ್ಕಾರಿ ಕಾಗದಕ್ಕೆಲ್ಲ ಅವಳು ಹೆಬ್ಬೆಟ್ಟು ಒತ್ತಿದ್ದನ್ನ ನೀನೇ ಪಕ್ಕದಲ್ಲಿ ನಿಂತು ನೋಡಿದ್ದೀಯ. ತಲೆಯ ಮೇಲಿನ ಹತ್ತಿ ತೆಗೆಸಿ ಬೈತಲೆ ತೆಗೆಸಿದ್ದೀಯ. ದಬ್ಬಣ ಒತ್ತಿ ಒತ್ತಿ ಚಪ್ಪಟೆಯಾದ ಆ ಬೆರಳಿಗೆ ಮದುವೆ ಹೆಣ್ಣಿನ ಬೆರಳು ಅಂಟಿಸಿದ್ದೀಯ. ಹಿಂದಿದ್ದ ಹಾಸಿಗೆ ಮಾಯವಾಗಿ ಅಲ್ಲಿ ಕುರ್ಚಿ ಬಂದಿದೆ. ಅಜ್ಜಿ ತನ್ನ ಜನ್ಮದಲ್ಲಿ ಒಬ್ಬರ ಮನೆ ಕುರ್ಚಿಯ ಮೇಲೆ ಕೂತವಳಲ್ಲ, ಯಾರೂ ಕೂರು ಅನ್ನಲೂ ಇಲ್ಲ.

ನಾನು ಹೆಚ್ಚು ಓದಿದವಳಲ್ಲ, ಆದರೆ ದೇವರಿಗೆ ಹೆದರೋಳು. ದೇವರ ಹತ್ತಿರ ಅಜ್ಜಿ ದಬ್ಬಣ ಹಿಡಿದುಕೊಂಡೇ ಹೋಗಿದ್ದಾಳೆ, ಅವನು ಅವಳನ್ನ ಹಾಗೇ ಗುರುತು ಹಿಡಿದಿದ್ದಾನೆ. ಈ ಸುಳ್ಳು ಹಾಗಾದರೆ ಯಾರಿಗೆ ತೋರಿಸೋಕೆ?

ಈ ಚಿತ್ರವನ್ನ ನಾನು ಶಾಲೆಗೆ ಕೊಡಲ್ಲ. ಹಳೇ ಫೋಟೋ ವಾಪಸ್ ಕಳಿಸು.

ತಂಗಿ


ಜುಲೈ 18

ಗುಬ್ಬಿಗೆ,

ನಿನ್ನ ಭಾಷೆ ಮಿತಿ ಮೀರಿದೆ. ನಾನು ಅವಳನ್ನು ಚೆನ್ನಾಗಿ ಕಾಣಿಸಲು ಹೊರಟಿದ್ದೇನೆ. ನೀನು ಅವಳನ್ನು ಸತ್ತ ಮೇಲೂ ನೆಲದ ಮೇಲೆಯೇ ಕೂರಿಸಬೇಕು ಎನ್ನುತ್ತಿದ್ದೀಯ. ಅಜ್ಜಿಯ ಜೊತೆ ಕೊನೆಯವರೆಗೆ ಇದ್ದವಳು ನೀನು, ಕಲ್ಲಿನ ಮೇಲೆ ಮಾತ್ರ “ಮೊಮ್ಮಗ ಕಟ್ಟಿಸಿದ್ದು” ಎಂದು ನನ್ನೊಬ್ಬನ ಹೆಸರೇ ಬರುತ್ತದೆಂದು ನಿನಗೆ ನೋವಾಗಿದ್ದರೆ ನೇರವಾಗಿ ಹೇಳು. ಮೊಮ್ಮಗಳನ್ನೂ ಸೇರಿಸೋಣ.

ಉದ್ಘಾಟನೆಗೆ ಶಾಲಾ ಸಮಿತಿಯ ಅಧ್ಯಕ್ಷರು, ಊರಿನ ಗಣ್ಯರು ಬರುತ್ತಾರೆ. ನಾನು ಕಳಿಸಿದ ಚಿತ್ರ ಹಾಕುವುದಾದರೆ ಹಾಕು. ಇಲ್ಲದಿದ್ದರೆ ಕೋಣೆಗೆ ಅಜ್ಜಿಯ ಹೆಸರೇ ಬೇಡವೆಂದು ಹೆಡ್‌ಮಿಸ್‌ಗೆ ಬರೆದುಬಿಡುತ್ತೇನೆ.

ಅಣ್ಣ


ಜುಲೈ 24

ಅಣ್ಣ,

ಬರಿ. ಈವತ್ತೇ ಬರಿ. ಕೋಣೆಗೆ ನಿನ್ನ ಹೆಸರೇ ಇಟ್ಟುಕೋ, ನಿನ್ನ ಹೆಂಡತಿ ಹೆಸರಿಡು, ನಿಮ್ಮ ಬೆಕ್ಕಿನ ಹೆಸರಿಡು. ಯಾರೋ ಹೆಂಗಸಿನ ಚಿತ್ರದ ಕೆಳಗೆ ನಮ್ಮಜ್ಜಿಯ ಹೆಸರು ಬರೆಸೋಕೆ ಮಾತ್ರ ನಾನು ಬಿಡಲ್ಲ.

ಕಲ್ಲಿನ ಮೇಲೆ ನನ್ನನ್ನ ಸೇರಿಸ್ತೀಯಂತೆ! ನಾನು ದಿನಾ ಅವಳ ದಬ್ಬಣ ಹಿಡೀತೀನಿ ಅಣ್ಣ, ಸ್ಪಂಜಿನ ಹಾಸಿಗೆ ಬಂದು ಅರ್ಧ ಊರು ನಮ್ಮನ್ನ ಮರೆತರೂ ಉಳಿದರ್ಧ ಊರಿಗೆ ಬೆನ್ನು ನೋವು ಬಂದಾಗ ನನ್ನ ಬಾಗಿಲಿಗೇ ಬರುತ್ತೆ. ನಿನ್ನ ಕಲ್ಲು ನನಗ್ಯಾಕೆ? ಚಿತ್ರದಲ್ಲಿ ಅವಳ ಕೆಲಸ ಅಳಿಸಿದಾಗ ನನ್ನನ್ನೂ ಅಳಿಸಿದೆ, ಅದು ನಿನಗೆ ಹೊಳೆಯಲೇ ಇಲ್ಲ.

ಇದೆಲ್ಲ ಯಾಕೆ ಅಂತ ನನಗೆ ಗೊತ್ತಾಗಲ್ಲ ಅಂದುಕೊಂಡೆಯಾ? ಮಗಳನ್ನ ದೊಡ್ಡ ಮನೆಗೆ ಕೊಟ್ಟಿದ್ದೀಯ. ಬೀಗರು ಉದ್ಘಾಟನೆಗೆ ಬರ್ತಾರೆ. ಹುಡುಗಿಯ ಮುತ್ತಜ್ಜಿ ಮನೆ ಮನೆ ಹಾಸಿಗೆ ಬಿಚ್ಚಿದವಳು ಅಂತ ಗೊತ್ತಾದರೆ ಅವರ ಮೂಗು ಸೊಟ್ಟಗಾಗುತ್ತೆ. ಆಗಲಿ ಬಿಡು. ಅವರ ಮನೆಯಲ್ಲಿ ಯಾರೂ ಮಲಗೋದೇ ಇಲ್ವಾ?

ಫೋಟೋ ಕಳಿಸು.

ತಂಗಿ


ಆಗಸ್ಟ್ 6

ಅಣ್ಣ, ಫೋಟೋ ಬರಲಿಲ್ಲ. ಮಾತು ಬಿಟ್ಟಿದ್ದರೆ ಬಿಡು. ಫೋಟೋ ಕಳಿಸು.


ಆಗಸ್ಟ್ 15

ಫೋಟೋ. ಅದನ್ನೂ ಆ ಸ್ಟುಡಿಯೋದವನಿಗೆ ಕೊಟ್ಟು ಕೆರೆಸಿಬಿಟ್ಟೆಯಾ? ಹಾಗೇನಾದರೂ ಮಾಡಿದ್ದರೆ ಕಾಗದದಲ್ಲಿ ಹೇಳಬೇಡ. ಎದುರಿಗೆ ಬಂದು ಹೇಳು, ನನ್ನ ಕಣ್ಣು ನೋಡಿಕೊಂಡು.


ಆಗಸ್ಟ್ 27

ಗುಬ್ಬಿ,

ಫೋಟೋ ಇದರೊಂದಿಗಿದೆ. ಅದಕ್ಕೆ ಏನೂ ಆಗಿಲ್ಲ. ಒಂದು ತಿಂಗಳು ನನ್ನ ಮೇಜಿನ ಮೇಲೇ ಇತ್ತು. ಕಳಿಸಬೇಕೆಂದು ಲಕೋಟೆಗೆ ಹಾಕುವುದು, ಮತ್ತೆ ತೆಗೆಯುವುದು.

ಬೀಗರಲ್ಲ ಕಾರಣ. ಅವರು ಬರುವುದೂ ಇಲ್ಲ. ಇದನ್ನು ನಾನು ಹೆಂಡತಿಗೂ ಹೇಳಿಲ್ಲ.

ನನಗೆ ಹತ್ತು ವರ್ಷ, ನಿನಗೆ ಎರಡು. ನನ್ನ ತರಗತಿಯಲ್ಲಿ ಡಾಕ್ಟರ ಮಗನೊಬ್ಬನಿದ್ದ. ನೆನಪಿರಬಹುದು, ಅವರ ಮನೆಯ ಮುಂಭಾಗದಲ್ಲಿ ದೊಡ್ಡ ಗಡಿಯಾರವಿತ್ತು, ಬೀದಿಯವರೆಲ್ಲ ಅದನ್ನೇ ನೋಡುತ್ತಿದ್ದರು. ಒಂದು ರಜೆಯ ದಿನ ಅವನ ಜೊತೆ ಆಡಲು ಹೋದೆ. ಒಳಗೆ ಹಜಾರದಲ್ಲಿ ಅಜ್ಜಿ ಹಾಸಿಗೆ ಬಿಚ್ಚಿಕೊಂಡು ಕೂತಿದ್ದಳು. ಅವಳು ಹಾಸಿಗೆ ಹೊಲಿಯುವವಳೆಂದು ಶಾಲೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ತಲೆ ತಗ್ಗಿಸಿದಳು.

ಅಷ್ಟರಲ್ಲಿ ಡಾಕ್ಟರಮ್ಮ ಮಗನನ್ನು ಅಂಗಿಯ ಅಳತೆ ಕೊಡಿಸಲು ದರ್ಜಿಯ ಹತ್ತಿರ ಕರೆದುಕೊಂಡು ಹೊರಟರು. ಅಜ್ಜಿಯ ಕಟ್ಟುನಿಟ್ಟು ನಿನಗೆ ಗೊತ್ತಲ್ಲ, ಎದುರಿಗೆ ಒಬ್ಬರು ಇರಬೇಕೆಂದಳು. ಡಾಕ್ಟರಮ್ಮ ನನ್ನ ಕೈಗೆ ಎರಡು ಬಿಸ್ಕತ್ತು ಕೊಟ್ಟು, “ನೀನು ಜಾಣ ಹುಡುಗ. ನಾವು ಬರೋವರೆಗೆ ಇಲ್ಲಿ ಕೂತಿರು. ಇವಳು ಏನೂ ಎತ್ತಿಕೊಳ್ಳದ ಹಾಗೆ ನೋಡ್ತಿರು” ಎಂದರು.

ನಾನು ಕೂತೆ ಗುಬ್ಬಿ. ಎರಡು ಗಂಟೆ. ಹಜಾರದಲ್ಲಿ ನಾವಿಬ್ಬರೇ. ಆಗಲಾದರೂ ಅಜ್ಜಿ ಎನ್ನಬಹುದಿತ್ತು. ಅನ್ನಲಿಲ್ಲ. ಅವಳೂ ಮಾತಾಡಿಸಲಿಲ್ಲ. ದಬ್ಬಣ ಒಳಗೆ ಹೋಗುವುದು, ಹೊರಗೆ ಬರುವುದು, ಅದೊಂದೇ ಸದ್ದು. ಡಾಕ್ಟರಮ್ಮ ವಾಪಸ್ ಬಂದು ನನ್ನನ್ನು ಕೇಳಿದರು, “ಎಲ್ಲಾ ಸರಿಯಾಗಿತ್ತೇನೋ?” ನಾನು ಹೇಳಿದೆ, “ಹೂಂ, ಏನೂ ತಗೊಂಡಿಲ್ಲ.”

ಅಜ್ಜಿ ದಾರ ಕಡಿಯುತ್ತಾ, “ಕಾವಲು ಗಟ್ಟಿಯಾಗಿತ್ತಮ್ಮ” ಎಂದಳು.

ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಂದೂ ಇಲ್ಲ, ಆಮೇಲೆಯೂ ಇಲ್ಲ. ಆ ಡಾಕ್ಟರ ಮಗನೇ ಈಗ ಶಾಲಾ ಸಮಿತಿಯ ಅಧ್ಯಕ್ಷ. ಹಳೆಯ ಫೋಟೋ ಹಾಕಿದರೆ ಅವನಿಗೆ ಆ ಮುಖ ಗುರುತು ಸಿಗುತ್ತದೆ. ಕೆಳಗೆ ನನ್ನ ಹೆಸರಿರುತ್ತದೆ. ಅದಕ್ಕೇ ಅವಳ ಕೈಗೆ ಪುಸ್ತಕ ಕೊಟ್ಟೆ. ಬೇರೆ ಹೆಂಗಸನ್ನಾಗಿ ಮಾಡಿದೆ.

ಇನ್ನು ನಿನಗೆ ತೋಚಿದ ಹಾಗೆ ಮಾಡು.

ಅಣ್ಣ


ಸೆಪ್ಟೆಂಬರ್ 2

ಅಣ್ಣ,

ನನಗೆ ಗೊತ್ತಿತ್ತು.

ನನಗೆ ಇಪ್ಪತ್ತು ತುಂಬಿದಾಗ, ನನ್ನ ಕೈಗೆ ದಬ್ಬಣ ಕೊಟ್ಟ ದಿನ, ಎದುರಿಗೆ ಯಾರನ್ನಾದರೂ ಕೂರಿಸಿಕೊಳ್ಳೋದನ್ನ ಮರೀಬೇಡ ಅಂತ ಹೇಳ್ತಾ ಈ ಕತೆ ಹೇಳಿದಳು. ಯಾವ ಹುಡುಗ ಅಂತ ಹೇಳಲಿಲ್ಲ. “ಒಂದು ಮನೇಲಿ ಹತ್ತು ವರ್ಷದ ಹುಡುಗ ಕಾವಲು ಕೂತಿದ್ದ. ಎರಡು ಗಂಟೆ ಅಲ್ಲಾಡಲಿಲ್ಲ. ಬಿಸ್ಕತ್ತು ಕೈಯಲ್ಲೇ ಕರಗಿತು, ತಿನ್ನಲಿಲ್ಲ” ಅಂದಳು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದರಿಂದಲೇ ನನಗೆ ಗೊತ್ತಾಯ್ತು. ಅವನ್ಯಾರು ಅಜ್ಜಿ ಅಂದೆ. “ಅವನಾಗಿ ಹೇಳೋವರೆಗೆ ನೀನು ಕೇಳಕೂಡದು” ಅಂದಳು. ಮೂವತ್ತು ವರ್ಷ ಕೇಳಲಿಲ್ಲ. ನೀನು ಮರೆತೇಬಿಟ್ಟಿದ್ದೀಯ ಅಂದುಕೊಂಡಿದ್ದೆ. ಅದಕ್ಕೇ ಬೀಗರ ಮೇಲೆ ಹಾಕಿದೆ. ಅದು ನನ್ನ ತಪ್ಪು, ದೇವರ ಮುಂದೆ ಒಪ್ಪಿಕೊಂಡಿದ್ದೇನೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಆ ದಿನ ಆ ಹಾಸಿಗೆಯ ಒಂದು ಅಂಚು ಸೊಟ್ಟಗೆ ಹೋಯ್ತಂತೆ. ಜನ್ಮದಲ್ಲಿ ಅವಳು ಸೊಟ್ಟ ಹೊಲಿದದ್ದು ಅದೊಂದೇ. ಸರಿ ಮಾಡಿಕೊಡು ಬಾ ಅಂತ ಗಡಿಯಾರದ ಮನೆಯವರು ಮೂರು ಸಲ ಹೇಳಿ ಕಳಿಸಿದರು. ಹೋಗಲಿಲ್ಲ. “ಸೊಟ್ಟಗೇ ಮಲಗಲಿ” ಅಂದಳಂತೆ.

ಅಜ್ಜಿ ನಿನ್ನನ್ನ ಆವತ್ತೇ ಕ್ಷಮಿಸಿದಳು ಅಣ್ಣ. ನಾನು ಅಜ್ಜಿ ಅಲ್ಲ. ಹತ್ತು ವರ್ಷದ ಮಗು ಗೋಡೆ ನೋಡಿತು, ಅದಕ್ಕೆ ನಾನೂ ಏನೂ ಅನ್ನಲ್ಲ. ಐವತ್ತೆಂಟು ವರ್ಷದವನು ಸ್ಟುಡಿಯೋಗೆ ನಡೆದು ಹೋಗಿ, ಕುರ್ಚಿ ಎಳೆದುಕೊಂಡು ಕೂತು, ಅವಳ ಬೆರಳು ಒಂದೊಂದಾಗಿ ಅಳಿಸಿಹಾಕಿಸಿದ್ದಾನೆ. ಅದನ್ನ ನಾನು ಬಿಡಲ್ಲ. ಆವತ್ತು ಅವಳು ನಿನ್ನವಳಲ್ಲ ಅಂತ ಬಾಯಿ ಮುಚ್ಚಿಕೊಂಡು ಹೇಳಿದೆ. ಈಗ ಚೌಕಟ್ಟು ಹಾಕಿಸಿ ಹೇಳೋಕೆ ಹೊರಟಿದ್ದೆ.

ಮೂಲೆ ಅಂಗಡಿ ಫೋಟೋದವನ ಮಗನ ಹತ್ತಿರ ಹಳೇ ಫೋಟೋ ದೊಡ್ಡದು ಮಾಡಿಸಿದ್ದೇನೆ. ಹತ್ತಿ, ದಬ್ಬಣ, ಚಪ್ಪಟೆ ಬೆರಳು, ಎಲ್ಲಾ ಇದೆ. ನಾನೇ ಹೋಗಿ ಮೊಳೆ ಹೊಡೆದು ಹಾಕಿ ಬಂದೆ. ಹೆಡ್‌ಮಿಸ್ ಗಾಬರಿಯಾಗಿ ಸಾರ್‌ಗೆ ಗೊತ್ತಾ ಅಂದರು. ಗೊತ್ತಾಗುತ್ತೆ ಅಂದೆ. ಕಲ್ಲಿನ ಮೇಲೆ ಅವಳ ಪ್ರಾರ್ಥನೆ ಕೆತ್ತೋಕೆ ಹೇಳಿದ್ದೇನೆ.

ಡಾಕ್ಟರಮ್ಮ ಇನ್ನೂ ಇದ್ದಾರೆ, ತೊಂಬತ್ತು ದಾಟಿದೆ, ಮನೆ ಬಿಟ್ಟು ಹೊರಗೆ ಬರಲ್ಲ. ಅವರ ಮಗ ಎರಡನೇ ಶನಿವಾರ ಮುಂದಿನ ಸಾಲಿನಲ್ಲಿ ಕೂರ್ತಾರೆ. ನೀನು ಬಂದರೆ ಬಾ, ಬಿಟ್ಟರೆ ಬಿಡು. ಅಜ್ಜಿ ಗೋಡೆಯ ಮೇಲಿರ್ತಾಳೆ.

ತಂಗಿ


ಸೆಪ್ಟೆಂಬರ್ 15

ಅಣ್ಣ,

ನೀನು ಬಂದೆ. ಅಷ್ಟು ಮಟ್ಟಿಗೆ ಸಂತೋಷ. ಆದರೆ ಹೇಗೆ ಬಂದೆ? ಹತ್ತಕ್ಕೆ ಶುರು ಅಂದರೆ ಹತ್ತೂವರೆಗೆ, ಬೆವರು ಸುರಿಸಿಕೊಂಡು, ಅಂಗಿ ಒಂದು ಕಡೆ ನೀನು ಒಂದು ಕಡೆ. ಎಲ್ಲಿದ್ದೆ ಅಂದರೆ ಕೈ ಆಡಿಸಿದೆ. ಅಧ್ಯಕ್ಷರು ಚಿತ್ರವನ್ನ ಹತ್ತಿರ ಹೋಗಿ ನೋಡಿ, ನಿನ್ನ ಮುಖ ನೋಡಿದರು. ಇಡೀ ಸಭೆ ನೋಡ್ತಿತ್ತು. ನಾನು ಕಾಯ್ತಿದ್ದೆ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಮಾತಾಡೋಕೆ ಕರೆದರೆ ಮೈಕಿನ ಮುಂದೆ ನಿಂತು ಗಂಟಲು ಹಿಡಿದುಕೊಂಡೆ. ಎರಡು ಸಲ ಬಾಯಿ ಆಡಿಸಿದೆ, ಸ್ವರ ಬರಲಿಲ್ಲ. ಕೈ ಮುಗಿದು ಕೂತುಬಿಟ್ಟೆ. ಸಂಜೆ ರೈಲಿಗೆ ಹೋಗಿಯೂ ಬಿಟ್ಟೆ.

ಶೀತವಂತೆ. ಹೆಡ್‌ಮಿಸ್ ನಂಬಿದರು. ನಾನು ನಂಬಲ್ಲ. ನಲವತ್ತೆಂಟು ವರ್ಷದ ಮೇಲೆ ಅದೇ ಬಾಯಿ ಅದೇ ಥರ ಮುಚ್ಚಿಕೊಂಡಿತು, ಅಷ್ಟೇ. ಕೋಣೆ ಚೆನ್ನಾಗಿದೆ. ಮಕ್ಕಳು ಅಜ್ಜಿಯ ಮುಖ ನೋಡಿ ನಗ್ತಾವೆ. ಇನ್ನು ನನಗೆ ಬರೆಯಬೇಡ.

ತಂಗಿ


ಸೆಪ್ಟೆಂಬರ್ 20

ಗುಬ್ಬಿ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ನಾನು ಮುಗಿಸುವವರೆಗೂ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ರೈಲು ಇಳಿದವನು ಶಾಲೆಗೆ ಬರಲಿಲ್ಲ. ಗಡಿಯಾರದ ಮನೆಗೆ ಹೋದೆ. ಅಧ್ಯಕ್ಷ ಆಗಲೇ ಹೊರಟಿದ್ದ. ಡಾಕ್ಟರಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಅವರಿಗೆ ಕಿವಿ ಹೆಚ್ಚುಕಡಿಮೆ ಹೋಗಿದೆ, ನಿನಗೆ ಗೊತ್ತಿತ್ತೋ ಇಲ್ಲವೋ. ನಾನು ರೈಲಿನಲ್ಲಿ ಮನಸ್ಸಿನಲ್ಲೇ ಕಲಿತುಕೊಂಡು ಬಂದ ಮಾತನ್ನು ಮೆತ್ತಗೆ ಹೇಳಿದೆ. ಅವರು, “ಹಾಸಿಗೆ ಮಾರೋನಾ? ಬೇಡಪ್ಪ, ಮಗ ಸ್ಪಂಜಿಂದು ತಂದಿದ್ದಾನೆ” ಎಂದರು. ಸ್ವಲ್ಪ ಜೋರಾಗಿ ಹೇಳಿದೆ. “ಯಾವಳು? ಹಾಸಿಗೆಯವಳಾ? ಸುಮಾರು ಜನ ಬರ್ತಿದ್ರು” ಎಂದರು. ನನ್ನ ನೆನಪೂ ಇಲ್ಲ, ಬಿಸ್ಕತ್ತಿನ ನೆನಪೂ ಇಲ್ಲ. ಯಾರ ಮುಂದೆ ಇಷ್ಟು ವರ್ಷ ಹೆದರಿದ್ದೆನೋ ಅವರ ತಲೆಯಲ್ಲಿ ನಾವಿಬ್ಬರೂ ಇರಲೇ ಇಲ್ಲ.

ಅಲ್ಲಿಂದ ಎದ್ದು ಬರಬಹುದಿತ್ತು. ಬರಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ, ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ, “ಆಕೆ ನಮ್ಮಜ್ಜಿ! ನಾನು ಅವಳ ಮೊಮ್ಮಗ!” ಎದುರು ಮನೆಯ ಕಿಟಕಿ ತೆರೆಯಿತು. ಮತ್ತೆ ಕೂಗಿದೆ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟು ಬೀದಿಗೆ ಬಂದ. ಮೂರನೇ ಸಲಕ್ಕೆ ಹತ್ತು ಜನ ನಿಂತಿದ್ದರು. ಒಬ್ಬಾಕೆ, “ಪಾಪ, ಇವರ ಅಜ್ಜಿ ಕಳೆದುಹೋಗಿದ್ದಾರಂತೆ” ಎಂದು ಇನ್ನೊಬ್ಬಾಕೆಗೆ ಹೇಳಿದಳು. ಡಾಕ್ಟರಮ್ಮ ಕೊನೆಗೆ ತಲೆಯಾಡಿಸಿ, “ಕೇಳಿಸ್ತು ಮಾರಾಯ, ನಿಮ್ಮಜ್ಜಿ. ಅದಕ್ಕೇನೀಗ?” ಎಂದರು.

ಆಮೇಲೆ ಕೂಗುವ ಅಗತ್ಯವಿರಲಿಲ್ಲ. ಕೂಗೆಂದು ಯಾರೂ ಹೇಳಿಯೂ ಇರಲಿಲ್ಲ. ಬೀದಿಯ ಕಡೆಗೆ ತಿರುಗಿ ನಿಂತು ನಾಲ್ಕನೇ ಸಲ ನಾನಾಗಿಯೇ ಕೂಗಿದೆ.

ಗಂಟಲು ಹೋದದ್ದು ಆಗ.

ಅಣ್ಣ